ಒಂದು ಚಿಟಿಕೆ ಸತು

ನಮ್ಮೂರಿನಲ್ಲಿ ಮನೆಗೊಂದು ಕೋಳಿ ಇರುತ್ತದೆ. ಅದನ್ನು ಯಾರೂ ಕೊಯ್ಯುವುದಿಲ್ಲ, ಮಾರುವುದಿಲ್ಲ, ಎಂಥ ದೊಡ್ಡ ನೆಂಟರು ಬಂದರೂ ಅದರ ಕಡೆ ಕಣ್ಣು ಹಾಕುವಂತಿಲ್ಲ. ಉಳಿದ ಕೋಳಿಗಳು ತಿಪ್ಪೆ ಕೆದಕಿ ಹೊಟ್ಟೆ ಹೊರೆದುಕೊಂಡರೆ, ಇದಕ್ಕೆ ಮಾತ್ರ ಮನೆಯವರು ತಮ್ಮ ತಮ್ಮ ಕೈಯಾರೆ ತಿನ್ನಿಸಬೇಕು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಆಮೇಲೆ ಅದು ಇಡುವ ಮೊದಲ ಮೊಟ್ಟೆಯೇ ಮಾತಿನ ಮೊಟ್ಟೆ. ತಿಥಿಯ ದಿನ ನೆಂಟರಿಷ್ಟರೆಲ್ಲ ಕೂತಿರುವಾಗ ಅದನ್ನು ಹಿತ್ತಾಳೆ ತಟ್ಟೆಯ ಅಂಚಿಗೆ ತಟ್ಟಿ ಒಡೆಯುತ್ತಾರೆ. ಒಳಗಿನಿಂದ ಹೋದವರ ದನಿಯಲ್ಲಿ ಒಂದು ಮಾತು ಬರುತ್ತದೆ, ಒಂದೇ ಸಲ. ತಟ್ಟೆಯಲ್ಲಿ ಉಳಿಯುವುದು ಬರೀ ಚಿಪ್ಪು.

ಯಾವ ಮಾತು ಬರುತ್ತದೆ ಅನ್ನುವುದು ಹೋದವರ ಕೈಯಲ್ಲಿಲ್ಲ, ಇದ್ದವರ ಕೈಯಲ್ಲೂ ಇಲ್ಲ. ನಾಲಿಗೆಯ ಮೇಲೆ ಕೊನೆಗೆ ಉಳಿದದ್ದು ಬರುತ್ತದೆ ಅನ್ನುತ್ತಾರೆ. ನಮ್ಮತ್ತೆ ಬದುಕಿದ್ದಾಗ ನನಗೆ ಕೊಟ್ಟ ಕಾಟಕ್ಕೆ, ಹೋದ ಮೇಲಾದರೂ ಒಂದು ಒಳ್ಳೆಯ ಮಾತು ಆಡಿಯಾಳು ಅಂತ ಕಿವಿ ನಿಮಿರಿಸಿಕೊಂಡು ಕೂತಿದ್ದೆ. "ಮಜ್ಜಿಗೆ ಮುಚ್ಚಿಟ್ಯೇನೇ?" ಅಂದಳು, ಅಷ್ಟೇ. ನೆಂಟರೆಲ್ಲ ನಕ್ಕರು, ನನಗೂ ನಗು ಬಂತು. ನನ್ನ ಗಂಡನ ಮೊಟ್ಟೆ ಒಡೆದಾಗ "ತಡಿಯೇ, ಬಂದೆ" ಅಂದ. ಎಲ್ಲಿಂದ ಬಂದಾನು, ಪುಣ್ಯಾತ್ಮ! ಆದರೂ ಆ ಮಾತು ಕೇಳಿದ ಮೇಲೆಯೇ ನಾನು ಎದ್ದು ಒಲೆ ಹಚ್ಚಿದ್ದು, ನಮ್ಮ ಹಿಟ್ಟಿನ ಗಿರಣಿಯ ಬಾಗಿಲು ತೆಗೆದದ್ದು. ಕೇಳದೆ ಉಳಿದವರನ್ನು ನಾನು ನೋಡಿದ್ದೇನೆ. ಅವರು ಉಣ್ಣುವಾಗಲೂ ಬಾಗಿಲ ಕಡೆಗೆ ಮುಖ ಮಾಡಿಕೊಂಡೇ ಕೂರುತ್ತಾರೆ.

ನಮ್ಮ ಮಣ್ಣಿಗೆ ಸತ್ವ ಕಮ್ಮಿ. ಕಾಳು ಬೆಳೆಯುತ್ತದೆ, ಸೊಪ್ಪು ಬೆಳೆಯುತ್ತದೆ, ಆದರೆ ಅದನ್ನೇ ತಿಂದ ಕೋಳಿ ಇಡುವ ಮೊಟ್ಟೆಯ ಚಿಪ್ಪು ಈರುಳ್ಳಿ ಸಿಪ್ಪೆಯಷ್ಟು ತೆಳು. ಹಿಂದೆಲ್ಲ ಎಷ್ಟೋ ಮಾತಿನ ಮೊಟ್ಟೆಗಳು ಕೋಳಿ ಮೊಟ್ಟೆಯಿಡುವ ಮಂಕರಿಯ ಹುಲ್ಲಿನಲ್ಲೇ ಒಡೆದು, ಮಾತು ಯಾರ ಕಿವಿಗೂ ಬೀಳದೆ ಹೋಗುತ್ತಿತ್ತು. ಕಪ್ಪೆಚಿಪ್ಪು ಕುಟ್ಟಿ ಹಾಕಿದರೂ ಸಾಲದು, ಅದರ ಜೊತೆ ಸತು ಬೇಕು, ಮ್ಯಾಂಗನೀಸ್ ಬೇಕು, ಮೈಲುತುತ್ತ ಬೇಕು, ಇನ್ನೂ ಒಂದೆರಡು ಕಣ್ಣಿಗೆ ಕಾಣದಷ್ಟು ಬೇಕು ಅಂತ ನನಗೂ ನನ್ನ ಗಂಡನಿಗೂ ಹೇಳಿಕೊಟ್ಟವರು ಆಗ ಇಲ್ಲಿಗೆ ಬರುತ್ತಿದ್ದ ದನದ ಡಾಕ್ಟರು. "ಇದು ಉಪ್ಪಿದ್ದ ಹಾಗೆ ಕಣಮ್ಮ. ಇಲ್ಲದಿದ್ದರೂ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು. ಅದರಲ್ಲೂ ಸತು ಜಾಸ್ತಿಯಾದರೆ ಕೋಳಿ ಗರಿ ಉದುರಿಸಿ ಮೊಟ್ಟೆ ಇಡೋದನ್ನೇ ನಿಲ್ಲಿಸಿಬಿಡುತ್ತೆ" ಅಂದಿದ್ದರು. ಅವತ್ತಿನಿಂದ ನಮ್ಮ ಗಿರಣಿಯಲ್ಲಿ ಕೋಳಿಗೆ ಹಾಕುವ ಪುಡಿ ತಯಾರಾಗುತ್ತದೆ. ದಿನಕ್ಕೆ ಒಂದು ಚಿಟಿಕೆ, ನೆನೆಸಿದ ನುಚ್ಚಿನಲ್ಲಿ ಕಲಸಿ ಹಾಕಬೇಕು. ಹೇಳಿ ಹೇಳಿ ನನ್ನ ಬಾಯಿ ಬತ್ತಿಹೋಗಿದೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಚಿಪ್ಪು ಕಬ್ಬಿಣದ ಹಾಗಾಗಲಿ ಅಂತ ಹಿಡಿ ಹಿಡಿ ಸುರಿಯುತ್ತಾರೆ. ಆಮೇಲೆ ಬೋಳುಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಳುತ್ತಾ ನನ್ನ ಹತ್ತಿರ ಬರುತ್ತಾರೆ. ನಾನು ಮೊದಲು ಬೈಯುತ್ತೇನೆ, ಆಮೇಲೆ ಏನು ಮಾಡಬೇಕೋ ಹೇಳುತ್ತೇನೆ.

ಗಿರಣಿಯಲ್ಲಿ ಆ ಪುಡಿ ಬೆರೆಸುತ್ತಿದ್ದವನು ಕಪನಯ್ಯ. ಅವನು ನಮ್ಮಲ್ಲಿಗೆ ಬಂದದ್ದೇ ಒಂದು ದುಃಖದಿಂದ. ಅವನಿಗೂ ಅವನ ಹೆಂಡತಿ ದೇವೀರಮ್ಮನಿಗೂ ಇದ್ದವಳು ಒಬ್ಬಳೇ ಮಗಳು, ಚಂದ್ರಿ. ಇನ್ನೂ ಹಲ್ಲು ಬಿದ್ದು ಹುಟ್ಟುವ ವಯಸ್ಸು, ಕಾಮಾಲೆಯಾಗಿ ಹೋಗಿಬಿಟ್ಟಳು. ಅವಳ ಮಾತಿನ ಮೊಟ್ಟೆ ಮಂಕರಿಯಲ್ಲೇ ಒಡೆದುಹೋಗಿತ್ತು. ಬೆಳಗ್ಗೆ ಹೋಗಿ ನೋಡಿದರೆ ಹುಲ್ಲಿಗೆ ಅಂಟಿದ ಚಿಪ್ಪು, ಪಕ್ಕದಲ್ಲಿ ಏನೂ ಗೊತ್ತಿಲ್ಲದವರ ಹಾಗೆ ನಿಂತ ಕೋಳಿ. ತಿಥಿ ಮುಗಿದ ಮಾರನೆಯ ದಿನವೇ ಕಪನಯ್ಯ ನನ್ನ ಮುಂದೆ ಬಂದು ನಿಂತು, "ತಾಯಕ್ಕ, ಆ ಪುಡಿ ಮಾಡೋದು ನಂಗೂ ಕಲಿಸು" ಅಂದ. ನನ್ನ ಪೂರ್ತಿ ಹೆಸರು ಚಿಕ್ಕತಾಯಮ್ಮ, ಊರಿಗೆಲ್ಲ ತಾಯಕ್ಕ. ಅವತ್ತು ಗಿರಣಿಯೊಳಗೆ ಕಾಲಿಟ್ಟವನು ಮುದುಕನಾಗುವವರೆಗೂ ತಕ್ಕಡಿ ಬಿಡಲಿಲ್ಲ. ನನ್ನ ಗಂಡ ಹೋದ ಮೇಲಂತೂ ಅವನೇ ನನ್ನ ಬಲಗೈ. ಊರಿನ ಎಷ್ಟು ಮನೆಗಳಲ್ಲಿ ಹೋದವರ ಮಾತು ಕೇಳಿಸಿತೋ ಅದರ ಹಿಂದೆಲ್ಲ ಅವನ ಬೆರಳಿನ ಚಿಟಿಕೆ ಇದೆ.

ಅಂಥವನಿಗೆ ಒಂದು ಬೆಳಗ್ಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ನಿಂತಿತು. ಎಡಗೈ ಒಂದು ಆಡುತ್ತಿತ್ತು, ಕಿವಿ ಕೇಳುತ್ತಿತ್ತು, ಕಣ್ಣಿನಲ್ಲಿ ಎಲ್ಲ ಗೊತ್ತಾಗುತ್ತಿತ್ತು. ಆಸ್ಪತ್ರೆಯ ಡಾಕ್ಟರು ದೇವೀರಮ್ಮನನ್ನು ಹೊರಗೆ ಕರೆದು, ಹೆಚ್ಚು ದಿನ ಆಸೆ ಇಟ್ಟುಕೊಳ್ಳಬೇಡಿ ಅಂದರಂತೆ. ಅವತ್ತು ಅವಳು ನನ್ನ ಹತ್ತಿರ ಬಂದು ಜಗಲಿಯ ಮೇಲೆ ಕೂತಳು. ಅಳುತ್ತಿರಲಿಲ್ಲ.

"ತಾಯಕ್ಕ, ಲಕ್ವ ಹೊಡೆಯೋ ಮುಂಚೆ ಅವ್ರು ನಂಗೊಂದು ಮಾತು ಅಂದ್ರು. ಒಳ್ಳೆ ಮಾತಲ್ಲ. ಅಂದು ಎದ್ದು ಹೊರಕ್ಕೆ ಹೋದೋರು ಹೊಸಲಲ್ಲೇ ಬಿದ್ರು. ಅದೇ ಕೊನೇದಾಗಿ ಉಳಿಬಾರ್ದು ಕಣಕ್ಕ. ಅವ್ರ ಬಾಯಿಂದ ಇನ್ನೊಂದು ಮಾತು ಕೇಳ್ಬೇಕು ನಾನು. ಏನಾದ್ರೂ ಸರಿ. ಉಪ್ಪು ಅನ್ಲಿ, ಹುಳಿ ಅನ್ಲಿ."

"ಕೇಳ್ತೀಯ ಬಿಡೇ. ನಿನ್ ಕೋಳಿಗೆ ಪುಡಿ ಬೆರೆಸಿದೋನು ಯಾರು? ಅವನೇ. ಅವನೇ ಗಟ್ಟಿ ಮಾಡಿದ ಚಿಪ್ಪು ಮಂಕರೀಲೇ ಒಡೆದುಹೋಯ್ತದಾ?" ಅಂದೆ. ಏನು ಮಾತಾಡಿದ ಅಂತ ನಾನು ಕೇಳಲಿಲ್ಲ. ಗಂಡಹೆಂಡಿರ ಮಧ್ಯೆ ಸಾವಿರ ಇರುತ್ತದೆ. ಉಂಡು ಮಲಗುವ ತನಕ ಅನ್ನುವ ಗಾದೆ ಇಲ್ಲವೇ? ಇವರ ಪಾಲಿಗೆ ಆ ರಾತ್ರಿ ಬರಲೇ ಇಲ್ಲ, ಅದೊಂದೇ ಅವಳ ಸಂಕಟ.

ಅದಾಗಿ ಕೆಲವು ವಾರ ಕಳೆದಿರಬೇಕು, ದೇವೀರಮ್ಮ ಸೆರಗಿನಲ್ಲಿ ಕೋಳಿ ಮುಚ್ಚಿಕೊಂಡು ಓಡೋಡಿ ಬಂದಳು. ಸೆರಗು ತೆಗೆದರೆ ಕತ್ತಿನ ಗರಿ ಒಂದೂ ಇಲ್ಲ. ಬೆನ್ನಿನ ಮೇಲೂ ಅಲ್ಲಲ್ಲಿ ಚರ್ಮ ಕಾಣುತ್ತಿತ್ತು. ಕೆಂಪಗೆ ನಿಗುರಿ ನಿಂತಿರಬೇಕಾದ ಜುಟ್ಟು ಒಣಗಿ ಮುದುಡಿಕೊಂಡಿತ್ತು. ಮೊಟ್ಟೆ ಇಟ್ಟು ಎಷ್ಟು ದಿನವಾಯಿತೇ ಅಂದರೆ, ಆಗಲೇ ನಿಂತುಹೋಗಿದೆ ಅಂದಳು. ನನಗೆ ತಲೆಗೆ ಏರಿತು.

"ಎಷ್ಟು ಸುರಿದ್ಯೇ ಇದಕ್ಕೆ?"

"ಒಂದೇ ಚಿಟಿಕೆ ಕಣಕ್ಕ."

"ಸುಳ್ಳು ಬೊಗಳ್ಬೇಡ! ನಂಗೇನು ಕಣ್ಣಿಲ್ವಾ? ಇದು ಸತು ಹೆಚ್ಚಾಗಿರೋ ಕೋಳಿ. ನಿನ್ ಗಂಡ ಊರಿಗೆಲ್ಲ ಹೇಳಿದೋನು, ಅವನ ಮನೇಲೇ ಹಿಂಗೆ ಮಾಡೋದಾ? ಆವತ್ತು ಕಮ್ಮಿಯಾಗಿ ಚಂದ್ರಿ ಮೊಟ್ಟೆ ಒಡೀತು ಅಂತ ಇವತ್ತು ಹಿಡಿಗಟ್ಟಲೆ ಹಾಕಿದ್ಯಾ?"

ಆ ಮಾತು ನಾನು ಅನ್ನಬಾರದಿತ್ತು. ಅವಳ ಮುಖ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಯಿತು. "ಚಂದ್ರಿ ಆಣೆ ಅಕ್ಕ. ಹಾಕ್ಬೇಕು ಅಂತ ಆಸೆ ಆಗಿತ್ತು. ಕೈ ಡಬ್ಬಿ ತಾವ್ಕೂ ಹೋಗಿತ್ತು. ಆದ್ರೆ ಹಾಕ್ಲಿಲ್ಲ" ಅಂದಳು. ಮಗಳ ಹೆಸರಿನಲ್ಲಿ ಸುಳ್ಳು ಹೇಳುವವಳಲ್ಲ. ಆದರೆ ಕೋಳಿಯೂ ಸುಳ್ಳು ಹೇಳುವುದಿಲ್ಲವಲ್ಲ. ಪುಡಿಯ ಡಬ್ಬಿಯನ್ನು ನಾನೇ ಹೋಗಿ ಎತ್ತಿಕೊಂಡು ಬಂದೆ. ಬರೀ ನುಚ್ಚು, ಸೊಪ್ಪು, ನೀರು ಹಾಕು, ಮೈಯಲ್ಲಿರೋ ಸತು ಇಳಿಯಲಿ, ಆಮೇಲೆ ನಾನೇ ಬಂದು ಹಾಕುತ್ತೇನೆ ಅಂದೆ.

ಡಬ್ಬಿ ತಂದ ಮೇಲೂ ಕೋಳಿ ಸುಧಾರಿಸಲಿಲ್ಲ. ದಿನಾ ಹೋಗಿ ನೋಡುತ್ತಿದ್ದೆ. ಇರುವ ನಾಲ್ಕು ಗರಿಯೂ ಉದುರುತ್ತಿದ್ದವು. ಕಪನಯ್ಯ ಹಿತ್ತಲ ಬಾಗಿಲಿನ ಹತ್ತಿರ ಹಾಸಿದ್ದ ಹಾಸಿಗೆಯಲ್ಲಿ ಗೋಡೆಗೆ ಒರಗಿಕೊಂಡು ನನ್ನನ್ನೇ ನೋಡುತ್ತಿದ್ದ. "ನೋಡಪ್ಪ, ನೀನು ಬೆರೆಸಿದ ಪುಡಿ ನಿನ್ ಕೋಳಿಗೇ ಹತ್ತಲಿಲ್ಲ" ಅಂತ ತಮಾಷೆ ಮಾಡಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದ. ಕಾಯಿಲೆಯವನು, ಬೇಸರವಿರಬೇಕು ಅಂದುಕೊಂಡೆ.

ಒಂದು ಮಧ್ಯಾಹ್ನ ನುಗ್ಗೆಸೊಪ್ಪು ಕಿತ್ತುಕೊಂಡು, ಮುಂದಿನ ಬಾಗಿಲಿಗೆ ಸುತ್ತು ಯಾಕೆ ಅಂತ ಹಿತ್ತಲ ಕಡೆಯಿಂದ ಹೋದೆ. ದೇವೀರಮ್ಮ ನೀರಿಗೆ ಹೋಗಿದ್ದಳು. ಕಪನಯ್ಯ ಎಡಗೈಯನ್ನು ಹಾಸಿಗೆಯ ಅಡಿಗೆ ತೂರಿಸಿ ಏನೋ ತಡಕುತ್ತಿದ್ದ. ಕೈ ಹೊರಗೆ ಬಂದಾಗ ಬೆರಳೆಲ್ಲ ಬೆಳ್ಳಗಿತ್ತು. ತನಗೆ ಅಂತ ಬಟ್ಟಲಲ್ಲಿ ಇಟ್ಟಿದ್ದ ಮುದ್ದೆಯ ಚೂರನ್ನು ಆ ಬಿಳಿ ಪುಡಿಯಲ್ಲಿ ಹೊರಳಿಸಿದ. ನಾಲಿಗೆಯಿಂದ ಕ್ಲಕ್ ಕ್ಲಕ್ ಅನ್ನಿಸಲು ನೋಡಿದ, ಬರಲಿಲ್ಲ, ಬೆರಳಿನಿಂದ ನೆಲ ತಟ್ಟಿದ. ಕೋಳಿ ಬಂದು ಅವನ ಅಂಗೈಯಿಂದಲೇ ಕುಕ್ಕಿ ಕುಕ್ಕಿ ತಿಂದಿತು. ಪಾಪದ ಪ್ರಾಣಿ, ಬೋಳು ಕತ್ತು ಚಾಚಿಕೊಂಡು ತಿನ್ನುತ್ತಿತ್ತು.

ಸೊಪ್ಪು ನನ್ನ ಕೈಯಿಂದ ಬಿತ್ತು. ಹೋಗಿ ಹಾಸಿಗೆಯ ಅಂಚು ಎತ್ತಿದರೆ ಗಿರಣಿಯದೇ ಸಣ್ಣ ಚೀಲ, ಅದರ ತುಂಬ ಬರೀ ಸತುವಿನ ಪುಡಿ. ಕೆಲಸ ಮಾಡುತ್ತಿದ್ದ ಕಾಲದಲ್ಲಿ ತಂದು ಆ ಬಾಗಿಲ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡಿದ್ದನೋ ಏನೋ. ಯಾವುದು ಎಷ್ಟು ಹಾಕಿದರೆ ಏನಾಗುತ್ತದೆ ಅನ್ನುವುದು ಊರಿನಲ್ಲಿ ನನಗಿಂತ ಚೆನ್ನಾಗಿ ಗೊತ್ತಿರುವುದು ಇವನೊಬ್ಬನಿಗೇ. ತಿಳಿಯದೆ ಮಾಡಿದ್ದಲ್ಲ, ಬೇಕು ಅಂತಲೇ ಕೋಳಿಯನ್ನು ಬೋಳಿಸುತ್ತಿದ್ದಾನೆ.

"ಏನೋ ಇದು? ಏನ್ ಮಾಡ್ತಿದ್ದೀಯೋ ಪಾಪಿ?" ಅಂತ ಕೂಗಿದೆ. ಅರ್ಧ ಸತ್ತ ಮನುಷ್ಯನನ್ನು ಬೈಯಬಾರದು ಅನ್ನುವ ಜ್ಞಾನವೂ ಇರಲಿಲ್ಲ. "ಅವಳು ನಿನ್ನ ಒಂದು ಮಾತಿಗೆ ಬಾಯಿಬಾಯಿ ಬಿಡ್ತಾವ್ಳೆ. ಹೇಲು ಉಚ್ಚೆ ಬಳೀತಾವ್ಳೆ. ನಾನು ಅವಳನ್ನ ಸುಳ್ಳಿ ಅಂತ ಬೈದೆ ನಿನ್ನಿಂದ. ಒಂದು ಮಾತು ಕೊಡಕ್ಕೆ ಅಷ್ಟು ಹೊಟ್ಟೆಯುರಿಯೇನೋ ನಿಂಗೆ?" ಅವನ ಎಡಗಣ್ಣಿನಿಂದ ನೀರು ಇಳಿಯಿತು. ಗಂಟಲಿನಿಂದ ಏನೋ ಗೊರಗೊರ ಅಂತ ಬಂತು, ಮಾತಾಗಲಿಲ್ಲ.

ಅಷ್ಟರಲ್ಲಿ ದೇವೀರಮ್ಮ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬಂದಳು. ಚೀಲ ನೋಡಿದಳು, ಅವನ ಬಿಳಿ ಬೆರಳು ನೋಡಿದಳು. ಅವಳೂ ನನ್ನ ಹಾಗೆ ಕೂಗುತ್ತಾಳೆ ಅಂದುಕೊಂಡಿದ್ದೆ. ಅವಳು ಬಿಂದಿಗೆ ಇಳಿಸಿ, ಅವನ ಪಕ್ಕ ಕೂತು, ಸೆರಗಿನ ತುದಿ ಒದ್ದೆ ಮಾಡಿ ಅವನ ಬೆರಳು ಒರೆಸತೊಡಗಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅವತ್ತು ಅಂದಿದ್ದೇ ಬರ್ತದೆ ಅಂತಾನಾ?"

ಅವನು ಕಣ್ಣು ಮುಚ್ಚಿ ಹೌದು ಅನ್ನುವ ಹಾಗೆ ತಲೆ ಆಡಿಸಿದ.

"ನಾನು ಮತ್ತೆ ಕೇಳ್ಬಾರ್ದು ಅಂತಾನಾ? ಜನದ ಮುಂದೆ ಬರ್ಬಾರ್ದು ಅಂತಾನಾ?"

ಎರಡಕ್ಕೂ ತಲೆ ಆಡಿಸಿದ. ಕಣ್ಣು ತೆರೆಯಲೇ ಇಲ್ಲ.

ಆಗ ಅವಳು ನನ್ನ ಕಡೆ ತಿರುಗಿ ಹೇಳಿದಳು. ಲಕ್ವ ಹೊಡೆದದ್ದು ಚಂದ್ರಿ ಹೋದ ದಿನವಂತೆ. ಪ್ರತಿ ವರ್ಷ ಆ ದಿನ ಇಬ್ಬರೂ ಮಾತಾಡುತ್ತಿರಲಿಲ್ಲವಂತೆ. ಈ ಸಲ ಅವಳೇ ಬಾಯಿ ತೆಗೆದು, "ಇದ್ದಿದ್ರೆ ಅವಳ ಮಕ್ಕಳು ಇಷ್ಟೆತ್ತರ ಇರೋವು" ಅಂದಳಂತೆ. ಅವನಿಗೆ ಎಲ್ಲಿತ್ತೋ ಸಿಟ್ಟು, ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಕಕ್ಕಿಬಿಟ್ಟನಂತೆ: ದೇವೀರೀ, ನನ್ ಮಗಳ ಮಾತು ನುಂಗ್ದೋಳು ನೀನೇ ಕಣೇ. ಮಗಳು ಹಾಸಿಗೆ ಹಿಡಿದಿದ್ದಾಗ ಮನೆಯ ಕೋಳಿಗೆ ಪುಡಿ ಕಲಸಿ ಇಡಬೇಕಾದವಳು ಅವಳು. ಇಟ್ಟಿರಲಿಲ್ಲ.

"ನಿಜ ಅಕ್ಕ, ಇಟ್ಟಿರ್ಲಿಲ್ಲ. ಮಗೀಗೆ ಹಣೆಗೆ ಬಟ್ಟೆ ಹಾಕೋದಾ, ವಾಂತಿ ಎತ್ತೋದಾ, ಕೋಳೀನ ನೋಡೋದಾ? ಮರ್ತೇಹೋದೆ. ಕೋಳಿಗೆ ಪುಡಿ ಹಾಕೋದು ಅಂದ್ರೆ ಮಗು ಸಾಯ್ತದೆ ಅಂತ ಒಪ್ಪಿಕೊಂಡ ಹಂಗೆ ಅನ್ನಿಸ್ತಿತ್ತು. ಅವ್ಳು ಉಳೀತಾಳೆ ಅಂತ ಇದ್ದೆ ನಾನು."

ಇಷ್ಟು ವರ್ಷ ಜೊತೆಯಲ್ಲಿ ತಕ್ಕಡಿ ಹಿಡಿದವನು, ಹೊಟ್ಟೆಯೊಳಗೆ ಇಂಥದೊಂದು ಇಟ್ಟುಕೊಂಡೇ ಚಿಟಿಕೆ ಚಿಟಿಕೆ ತೂಗಿದನಲ್ಲ ಅನ್ನಿಸಿತು. ಆಡಿದ್ದು ತಪ್ಪು ಅಂತ ಬಿದ್ದ ಕ್ಷಣದಲ್ಲೇ ಅವನಿಗೆ ತಿಳಿದಿರಬೇಕು. ಹಿಂದಕ್ಕೆ ತೆಗೆದುಕೊಳ್ಳಲು ನಾಲಿಗೆ ಇಲ್ಲ. ಇದ್ದ ಒಂದು ಕೈಯಲ್ಲಿ, ತನಗೆ ಗೊತ್ತಿದ್ದ ಒಂದೇ ವಿದ್ಯೆಯಲ್ಲಿ ಅದನ್ನು ತಡೆಯಲು ನೋಡಿದ್ದಾನೆ. ನಾನು ಹೊಟ್ಟೆಯುರಿ ಅಂದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ದೇವೀರಮ್ಮ ಅವನ ಕೈ ಬಿಡದೆ, "ಇಲ್ಲಿ ಕೇಳಿ. ಆ ಮಾತು ನಾನು ಆಗ್ಲೇ ಕೇಳಿವ್ನಿ. ಇನ್ನೊಂದು ಸಲ ಕೇಳಿದ್ರೆ ಸಾಯಲ್ಲ. ನಿಮ್ ದನಿ ಇಲ್ದೆ ಮಾತ್ರ ಇರಕ್ಕಾಗಲ್ಲ ನಂಗೆ. ಮಗೀದಂತೂ ಹೋಯ್ತು, ನಿಮ್ದೂ ಹೋಗ್ಬಿಟ್ರೆ ಈ ಮನೇಲಿ ನಾನು ಯಾವ ಕಿವಿ ಇಟ್ಕೊಂಡು ಕೂತಿರ್ಲಿ? ಏನ್ ಬರ್ತದೋ ಬರ್ಲಿ. ಬೈಗುಳ ಆದ್ರೂ ನಂದೇ" ಅಂದಳು. ಆಮೇಲೆ ದನಿ ತಗ್ಗಿಸಿ, "ಜನದ ಮುಂದೆ ಒಡೆಯಲ್ಲ. ನಾನು ಒಡೀತೀನಿ, ಬಾಗಿಲು ಹಾಕ್ಕೊಂಡು. ತಾಯಕ್ಕ ಒಬ್ಬಳು ಇರ್ಲಿ" ಅಂದಳು.

ನಮ್ಮೂರಿನಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ಮಾತಿನ ಮೊಟ್ಟೆ ಬಾಗಿಲು ಹಾಕಿಕೊಂಡು ಒಡೆಯುವುದು ಅಂದರೆ ಹೆಣವನ್ನು ಕದ್ದು ಹೂತ ಹಾಗೆ ಅನ್ನುತ್ತಾರೆ. ಆದರೂ ನಾನು "ಆಯ್ತು" ಅಂದೆ. ಕಪನಯ್ಯ ಎಡಗೈಯಿಂದ ಆ ಚೀಲವನ್ನು ನನ್ನ ಕಡೆಗೆ ತಳ್ಳಿದ.

ಅವತ್ತಿನಿಂದ ಶುರುವಾಯಿತು ನಮ್ಮ ಕಾಯುವ ಕೆಲಸ. ಕೋಳಿ ಬೇಗ ಚೇತರಿಸಿಕೊಳ್ಳಬೇಕು, ಅವನು ತಡವಾಗಿ ಹೋಗಬೇಕು. ಎರಡೂ ನಮ್ಮ ಕೈಯಲ್ಲಿಲ್ಲ. ಮೊದಲು ಬರೀ ನುಚ್ಚು, ಸೊಪ್ಪು. ಮೈಯಲ್ಲಿದ್ದದ್ದು ಇಳಿಯಿತು ಅನ್ನಿಸಿದ ಮೇಲೆ ನಾನೇ ದಿನಾ ಹೋಗಿ ಒಂದು ಚಿಟಿಕೆ ಪುಡಿ ಕಲಸಿ ಕೊಡುತ್ತಿದ್ದೆ, ಅವನು ಎಡಗೈಯಲ್ಲಿ ತಿನ್ನಿಸುತ್ತಿದ್ದ. ನನ್ನ ಚಿಟಿಕೆ ಸರಿಯಿಲ್ಲ ಅನ್ನಿಸಿದರೆ ಹುಬ್ಬು ಗಂಟಿಕ್ಕಿ ಬೆರಳಿನಿಂದ ಒಂದಿಷ್ಟು ಕೆಳಗೆ ಉದುರಿಸುತ್ತಿದ್ದ. ಸಾಯುವ ಕಾಲಕ್ಕೂ ದೌಲತ್ತು ನೋಡು ಅಂತ ನಾನು ರೇಗಿಸುತ್ತಿದ್ದೆ. ಅವನ ತುಟಿಯ ಒಂದು ಕಡೆ ಮಾತ್ರ ನಗುತ್ತಿತ್ತು. ಕೋಳಿಯ ಬೆನ್ನಿನಲ್ಲಿ ಮುಳ್ಳಿನಂಥ ಹೊಸ ಗರಿ ಎದ್ದವು. ದೇವೀರಮ್ಮ ಅಡುಗೆ ಮಾಡುತ್ತಾ, ಬಟ್ಟೆ ಮಡಿಸುತ್ತಾ ಅವನಿಗೆ ಚಂದ್ರಿಯ ವಿಷಯ ಹೇಳುತ್ತಿದ್ದಳು, ಅವಳು ಮೊದಲ ಸಲ ಮುದ್ದೆ ನುಂಗಿದ್ದು, ಮೇಕೆಮರಿಯ ಕಿವಿ ಕಚ್ಚಿದ್ದು. ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಆಡದ ಹೆಸರು ಅದು. ಅವನು ಕೇಳುತ್ತಿದ್ದ.

ಕೋಳಿಯ ಜುಟ್ಟು ಕೆಂಪಗಾಗತೊಡಗಿದ ವಾರದಲ್ಲಿ ಕಪನಯ್ಯ ಹೋದ. ಬೆಳಗ್ಗೆ ದೇವೀರಮ್ಮ ಗಂಜಿ ಕುಡಿಸುವಾಗ ಒಂದು ಗುಟುಕು ಇಳಿಯಿತು, ಎರಡನೆಯದು ಇಳಿಯಲಿಲ್ಲ. ಅವಳ ಕೂಗು ಗಿರಣಿಯವರೆಗೂ ಕೇಳಿಸಿತು.

ಮಣ್ಣು ಮಾಡಿ ಬಂದದ್ದಾಯಿತು. ಆಮೇಲೆ ಎಲ್ಲರ ಕಣ್ಣೂ ಮಂಕರಿಯ ಮೇಲೆ. ತಿಥಿಯೊಳಗೆ ಇಟ್ಟರೆ ಉಂಟು, ಆಮೇಲೆ ಇಟ್ಟರೆ ಅದು ಬರೀ ಮೊಟ್ಟೆ. ಕೋಳಿ ಮಂಕರಿಗೆ ಹೋಗುತ್ತಿತ್ತು, ಹುಲ್ಲು ಕೆದರುತ್ತಿತ್ತು, ಎದ್ದು ಬರುತ್ತಿತ್ತು. ಕಪನಯ್ಯನ ಅಣ್ಣ ಊರಿನಿಂದಾಚೆ ಹೊಲದ ಮನೆಯಲ್ಲಿ ಇರುವವರು, ಅವರು ಸಂಸಾರ ಸಮೇತ ಬಂದು ಕೂತಿದ್ದರು. "ಊರಿಗೆಲ್ಲ ಚಿಪ್ಪು ಗಟ್ಟಿ ಮಾಡಿದೋನ ಮನೇಲಿ ಮೊಟ್ಟೇನೇ ಇಲ್ಲ ಅಂದ್ರೆ ಜನ ಏನಂತಾರೆ?" ಅಂತ ಪದೇ ಪದೇ ಅನ್ನುತ್ತಿದ್ದರು. ದೇವೀರಮ್ಮ ಉಣ್ಣುವಾಗಲೂ ಮಂಕರಿಯ ಪಕ್ಕದಲ್ಲೇ ಕೂರುತ್ತಿದ್ದಳು. ನಾನು ಚಿಟಿಕೆ ಹಾಕುವಾಗ ಒಂದಿಷ್ಟು ಜಾಸ್ತಿ ಹಾಕಿದರೆ ಹೆಂಗೆ ಅಂತ ನನಗೇ ಅನ್ನಿಸಿತು ನೋಡಿ, ಜನಕ್ಕೆಲ್ಲ ಬುದ್ಧಿ ಹೇಳುವ ನನಗೇ. ಹಾಕಲಿಲ್ಲ.

ತಿಥಿಯ ದಿನವೇ ಇಟ್ಟಿತು. ಒಳಗೆ ಅಡುಗೆ ಬೇಯುತ್ತಿತ್ತು, ಅಂಗಳದಲ್ಲಿ ನೆಂಟರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು, ಕೋಳಿ ಕೊಕ್ಕೊಕ್ಕೊ ಅಂತ ಊರಿಗೆಲ್ಲ ಸಾರಿತು. ಎಲ್ಲರೂ ಎದ್ದು ನಿಂತರು. ನಾನೇ ಮೊದಲು ಕೈ ಹಾಕಿದೆ. ಬೆಚ್ಚಗಿತ್ತು. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ನೋಡಿದೆ. ಗರಿ ಉದುರಿಸಿ ಎದ್ದ ಕೋಳಿಯ ಮೊದಲ ಮೊಟ್ಟೆ, ಸ್ವಲ್ಪ ಒರಟು, ಆದರೆ ಗಟ್ಟಿ. ಎಲ್ಲೂ ಒಂದು ಕೂದಲೆಳೆಯ ಸೀಳಿಲ್ಲ.

ಅಣ್ಣ ಹಿತ್ತಾಳೆ ತಟ್ಟೆ ತಂದು ಅಂಗಳದ ಮಧ್ಯೆ ಇಟ್ಟರು. ದೇವೀರಮ್ಮ ಆ ತಟ್ಟೆ ಎತ್ತಿಕೊಂಡಳು, ನನ್ನ ಕೈಯಿಂದ ಮೊಟ್ಟೆ ತೆಗೆದುಕೊಂಡಳು, "ಬಾ ಅಕ್ಕ" ಅಂದು ಒಳಗೆ ನಡೆದಳು. ನಾನು ಹಿಂದೆ ಹೋಗಿ ಬಾಗಿಲು ಹಾಕಿ ಅಗುಳಿ ಜಡಿದೆ. ಹೊರಗೆ ಗಲಾಟೆ ಎದ್ದಿತು. "ಇದೇನು ಅನಾಚಾರ? ಹತ್ತು ಜನದ ಮುಂದೆ ಒಡೀಬೇಕಾದ್ದು! ನನ್ ತಮ್ಮನ ಮಾತು ನಾನು ಕೇಳ್ಬಾರ್ದಾ?" ಅಂತ ಅಣ್ಣ ಬಾಗಿಲು ಗುದ್ದಿದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು, "ಗುದ್ದಿದ್ರೆ ಕೇಳಿಸ್ದೇ ಹೋಗ್ತದೆ, ತೆಪ್ಪಗಿರಿ!" ಅಂತ ಗದರಿದೆ. ಗದ್ದಲ ನಿಂತಿತು. ಅಷ್ಟು ದಪ್ಪ ಬಾಗಿಲಿನಾಚೆಗೆ ಒಂದು ಮೊಟ್ಟೆಯ ಮಾತು ದಾಟುವುದಿಲ್ಲ, ಅದು ನನಗೆ ಗೊತ್ತಿತ್ತು.

ದೇವೀರಮ್ಮ ನೆಲದ ಮೇಲೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಮೊಟ್ಟೆಯನ್ನು ಒಂದು ಸಲ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅಂಚಿಗೆ ತಟ್ಟಿದಳು. ಒಂದೇ ಏಟಿಗೆ ಒಡೆಯಲಿಲ್ಲ. ಇನ್ನೊಂದು ಸಲ, ಗಟ್ಟಿಯಾಗಿ. ಟಕ್ ಅಂತು.

"ದೇವೀರೀ, ನನ್ ಮಗಳ ಮಾತು ನುಂಗ್ದೋಳು ನೀನೇ ಕಣೇ."

ಅದೇ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಅಷ್ಟು ದಿನ ಅಷ್ಟೊಂದು ಕಾದದ್ದು, ಅವರಿಬ್ಬರೂ ಮೆತ್ತಗಾದದ್ದು, ಅವನು ಕೈಯಾರೆ ತಿನ್ನಿಸಿದ್ದು, ಯಾವುದೂ ಆ ಮಾತನ್ನು ಬದಲಿಸಿರಲಿಲ್ಲ. ನನಗೆ ಎದೆ ಒಡೆದುಹೋಯಿತು. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. "ನಾನು ಆ ಚೀಲ ಇಸ್ಕೋಬಾರ್ದಿತ್ತು ಕಣೇ. ಅವನೇ ಸರಿ. ಅವನಿಗೆ ಗೊತ್ತಿತ್ತು" ಅಂದೆ.

ದೇವೀರಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಮುಖದಲ್ಲಿ ಏಟು ತಿಂದವರ ಗುರುತಿರಲಿಲ್ಲ. "ಇಲ್ಲ ಅಕ್ಕ. ಎಷ್ಟು ಚೆಂದಾಗಿ ಕೇಳ್ತು ದನಿ. ಅವ್ರೇ ಪಕ್ಕದಲ್ಲಿ ನಿಂತ ಹಂಗೆ" ಅಂದಳು. ಕಣ್ಣು ತೆರೆದು, "ಪಾಪ, ಇದು ನನ್ ಕಿವಿಗೆ ಬೀಳಬಾರ್ದು ಅಂತ ಒಂದು ಕೈಲಿ ಎಷ್ಟು ಒದ್ದಾಡಿದ್ರು. ಯಾವ ಗಂಡ ಮಾಡ್ತಾನೆ ಹೇಳು" ಅಂದಳು. ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಮಡಿಲಿಗೆ ಹಾಕಿಕೊಂಡಳು.

ನಾನು ಕಣ್ಣು ಒರೆಸಿಕೊಂಡು ಬಾಗಿಲು ತೆಗೆದೆ. ಎಲ್ಲರೂ ಹೊಸಲಿಗೆ ಮುತ್ತಿಕೊಂಡಿದ್ದರು. ಅಣ್ಣನ ಸಿಟ್ಟು ಇಳಿದುಹೋಗಿ ಮುಖ ಸಣ್ಣ ಮಗುವಿನ ಹಾಗಾಗಿತ್ತು. "ಏನಂದ? ಏನಂದ ನನ್ ತಮ್ಮ?" ಅಂತ ಕೇಳಿದರು. ನಾನು ನೆಲ ನೋಡಿದೆ.

"ನನ್ ಹೆಸ್ರು ಹಿಡಿದು ಕೂಗಿದ್ರು ಭಾವ" ಅಂದಳು ದೇವೀರಮ್ಮ.

"ಅಷ್ಟೇನಾ? ಬೇರೇನೂ ಅನ್ನಲಿಲ್ವಾ?"

ಅವಳು ಮಡಿಲು ಬಿಗಿಯಾಗಿ ಹಿಡಿದುಕೊಂಡು ಹೊಸಲು ದಾಟಿದಳು.

"ಸಾಲ್ದಾ?" ಅಂದಳು.